ಮೋಟರಿಗೆ ಎರಡು ತತ್ತಿ

ಹುನಗುಂದದ ಕೋರ್ಟಿನಲ್ಲಿ ಹದಿನೆಂಟು ವರ್ಷ ವಕೀಲಿ ಮಾಡಿದವನು ನಾನು. ಕಳ್ಳರ ಪರವಾಗಿ ವಾದಿಸಿ ಗೆದ್ದಿದ್ದೇನೆ, ಕಳಕೊಂಡವರ ಪರವಾಗಿ ವಾದಿಸಿ ಸೋತಿದ್ದೇನೆ. ಆದರೆ ನನ್ನ ಪರವಾಗಿ ನಾನೇ ನಿಂತ ಒಂದೇ ಒಂದು ಖಟ್ಲೆಯಲ್ಲಿ, ಇಳಕಲ್ಲಿನ ದಾರಿಯ ನಡುವೆ, ಒಬ್ಬ ಅಯ್ಯನವರು ಹಾಗೂ ಎರಡು ಎತ್ತುಗಳ ಸಮಕ್ಷಮ, ನಾನಾಗಿಯೇ ತಪ್ಪೊಪ್ಪಿಕೊಂಡು ಬಂದಿದ್ದೇನೆ. ಆ ಕರ್ಮಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಮನೆಯಲ್ಲಂತೂ ಕೇಳುವವರಿಲ್ಲ.

ನನ್ನದೊಂದು ಮೋಟರಿದೆ. (ಇದೆ ಎನ್ನಬೇಕೋ ಇತ್ತು ಎನ್ನಬೇಕೋ ಕೊನೆಗೆ ನೀವೇ ತೀರ್ಮಾನಿಸಿ.) ಜರ್ಮನ್ ಯುದ್ಧಕ್ಕಿಂತ ಮೊದಲು ಹುಟ್ಟಿ, ಮೂರು ಮಂದಿ ಯಜಮಾನರನ್ನು ಸಾಕುಮಾಡಿ, ನನ್ನ ಪಾಲಿಗೆ ಬಂದದ್ದು. ನನಗೆ ಹೆಸರಿಟ್ಟವರು ಅಜ್ಜ, ಓದಿಸಿದವರು ಸೋದರಮಾವ, ಹೆಣ್ಣು ಗೊತ್ತುಮಾಡಿದವಳು ಅವ್ವ, ಇವತ್ತಿಗೂ ತಲೆಗೆ ಸುತ್ತುವ ರುಮಾಲಿನ ಬಣ್ಣ ಆರಿಸುವವಳು ಹೆಂಡತಿ ಇಂದ್ರವ್ವ. ನಲವತ್ನಾಲ್ಕು ವರ್ಷಗಳಲ್ಲಿ ನಾನೇ ನೋಡಿ, ನಾನೇ ಮೆಚ್ಚಿ, ನಾನೇ ತಂದದ್ದೆಂದರೆ ಈ ಮೋಟರೊಂದೇ. ಅದಕ್ಕೇ ಅದರ ಮೇಲೆ ನನಗೆ ಜೀವ.

ತಂದ ಎಂಟನೆಯ ದಿನ ಅದರ ಎಂಜಿನ್ನಿನ ಪಕ್ಕೆ ಸೀಳಿತು. ಕೂದಲೆಳೆಯಷ್ಟು ಬಿರುಕು. ಎಂಜಿನ್ನು ಕಾಯಬಾರದೆಂದು ಅದರ ಮೈಸುತ್ತ ನೀರು ಓಡಾಡುತ್ತಿರುತ್ತದೆಯಷ್ಟೆ. ಆ ನೀರು ಬಿರುಕಿನಿಂದ ತೊಟ್ಟಿಕ್ಕಿ, ಎಂಜಿನ್ನು ಕಾದು, ಕೆಮ್ಮಿ, ನಿಂತುಬಿಡುತ್ತಿತ್ತು.

“ನಮ್ಮಪ್ಪ ಕೊಟ್ಟ ಎತ್ತು ಯಾವಾಗರ ಹಿಂಗ ಸೋರಿದ್ದು ನೋಡೀರೇನು?” ಎಂದಳು ಇಂದ್ರವ್ವ.

ಅವಳ ತವರಿನಿಂದ ಬಂದ ಬಿಳಿ ಜೋಡಿ ಅದು. ನನ್ನ ಪಾಲಿಗೆ ಅವು ಎತ್ತುಗಳಲ್ಲ, ಇಬ್ಬರು ಭಾವಮೈದುನರು. ಉಣ್ಣುವುದೂ ಹಾಗೆಯೇ, ನನ್ನನ್ನು ನೋಡುವುದೂ ಹಾಗೆಯೇ. ಮೋಟರು ಬಂದಮೇಲೆ ಅವನ್ನು ಮಾರಿಬಿಡೋಣವೆಂದು ನಾನು ಬಾಯಿ ತೆಗೆದದ್ದೇ ತಪ್ಪಾಯಿತು.

“ಸೋಮವಾರ ಇಳಕಲ್ಲಾಗ ನಮ್ಮ ತಂಗಿ ಮಗಳ ತೊಟ್ಟಲ ಕಾರ್ಯ ಐತಿ. ನಿಮ್ಮ ಮೋಟರು ಎಲ್ಲೂ ನಿಲ್ಲದ ನನ್ನ ಅಲ್ಲಿಗೆ ಮುಟ್ಟಿಸಿದರ ಎತ್ತು ಮಾರ್ರಿ, ನಾ ಒಂದು ಮಾತ ಆಡೂದಿಲ್ಲ. ದಾರ್ಯಾಗ ನಿಂತರ ಅದು ಮತ್ತ ಈ ಅಂಗಳದಾಗ ಕಾಲಿಡಬಾರದು.”

“ಮೋಟರಿಗೆ ಕಾಲಿಲ್ಲ,” ಎಂದೆ.

“ನಡ್ಯಾಕೂ ಬರೂದಿಲ್ಲ,” ಎಂದಳು.

ಆಮೇಲೆ ನಾನು ಮನೆಯಂಗಳದಲ್ಲಿ ಕೈಗೊಂಡ ದುರಸ್ತಿ ಮಹಾಕಾರ್ಯವನ್ನು ನೆನೆದರೆ ಕಣ್ಣಲ್ಲಿ ನೀರು ಬರುತ್ತದೆ. ಮೊದಲು ಬಿರುಕಿಗೆ ಬಟ್ಟೆ ತೊಳೆಯುವ ಸಾಬೂನು ಮೆತ್ತಿದೆ. ನೊರೆ ಬಂತು. ಆಮೇಲೆ ಗೋಡೆಯ ಗಚ್ಚಿಗೆ ಸುಣ್ಣದೊಳಗೆ ಬೆಲ್ಲ ಬೆರೆಸುವುದು ನೆನಪಾಗಿ ಅದನ್ನೇ ಅರೆದು ಮೆತ್ತಿದೆ. ಬೆಳಗಾಗುವುದರೊಳಗೆ ಓಣಿಯ ಇರುವೆಗಳೆಲ್ಲ ಸಾಲುಗಟ್ಟಿ ಬಂದು ಬೆಲ್ಲವನ್ನು ಒಯ್ದಿದ್ದವು, ಸುಣ್ಣವನ್ನು ನನಗೆ ಬಿಟ್ಟಿದ್ದವು. ಐದು ದಿನ ಹೀಗೇ ಹೋಯಿತು. ಊಟಕ್ಕೆ ಕರೆದರೆ ಏಳುವ ಮನಸ್ಸಾಗದೆ ಮೋಟರಿನ ಮುಂದೆ ಸುಮ್ಮನೆ ಕೂತಿರುತ್ತಿದ್ದೆ.

ಕೊನೆಗೆ ಬಾಗಲಕೋಟೆಗೆ ಜನರನ್ನು ಒಯ್ಯುವ ಸರ್ವಿಸ್ ಮೋಟರಿನ ಡ್ರೈವರ್ ಗೌಸಸಾಬನನ್ನು ಕರೆಸಿದೆ. ಅವನು ಬಿರುಕಿನ ಮೇಲೆ ಬೆರಳಾಡಿಸಿ ನೋಡಿದ.

“ಹೊಸಾ ಸಾಮಾನು ಮುಂಬೈಲಿಂದ ಬರಬೇಕ್ರಿ ಸಾಹೇಬ್ರ, ಮೂರು ತಿಂಗಳು. ಇಲ್ಲಂದ್ರ ಒಂದು ಮನಿಮದ್ದು ಐತಿ. ಎರಡು ಕೋಳಿ ತತ್ತಿ ಒಡದು, ಬಿಳೇದಷ್ಟ ಈ ಮುಂದಿನ ನೀರಿನ ಡಬ್ಬ್ಯಾಗ ಹಾಕ್ರಿ. ನೀರು ಕಾದಂಗ ಅದು ಬೆಂದು ಬಿರುಕಿನ್ಯಾಗ ಕುಂತು ಬಿಡ್ತೈತಿ. ಕೆಲವರು ಹಿಟ್ಟೂ ಹಾಕ್ತಾರ. ತತ್ತಿ ಆದ್ರ ಪಕ್ಕಾ.”

ಇಂದ್ರವ್ವ ಹೊಸ್ತಿಲಲ್ಲೇ ನಿಂತಿದ್ದಳು. “ಗೌಸಣ್ಣ, ಲಿಂಗಾ ಕಟ್ಟಿದವರ ಮನಿ ಇದು.”

“ತಿನ್ನೂದು ಮೋಟರ್ರಿ ಅಕ್ಕಾರ, ನೀವಲ್ಲ.”

“ಮೋಟರೂ ಈ ಮನೀದ. ತತ್ತಿ ಹಾಕಿದ್ರ ನಾ ಅದರಾಗ ಕುಂಡ್ರೂದಿಲ್ಲ,” ಎಂದು ಒಳಗೆ ಹೋದಳು.

ನಾನು ರಾತ್ರಿಯೆಲ್ಲ ಎರಡೂ ಪಕ್ಷಗಳ ಪರವಾಗಿ ನನ್ನೊಳಗೇ ವಾದಿಸಿದೆ. ಮೋಟರಿಗೆ ಲಿಂಗದೀಕ್ಷೆಯಾಗಿಲ್ಲ. ಹಾಕುವುದು ಬರೀ ಬಿಳಿಯದು. ಸಾಕ್ಷಿದಾರರು ಯಾರೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ತೀರ್ಪು ನನ್ನ ಕಡೆಗೆ ಆಯಿತು, ಹಿಂದಿನ ಓಣಿಯಲ್ಲಿ ಕೋಳಿ ಸಾಕಿದ್ದ ಮಕ್ತುಮಬಿಯ ಮನೆಗೆ ಹೋದೆ.

“ಯಾರಿಗ್ರಿ ವಕೀಲರ, ತತ್ತಿ?”

“ಒಬ್ಬ ರೋಗಿಗೆ.”

“ಭಾಳ ಅಶಕ್ತ ಆಗ್ಯಾರೇನ್ರಿ?”

“ಪಕ್ಕಿ ಸೀಳೇತಿ.”

ಪಾಪ, ಅವಳು ಲೊಚಗುಟ್ಟಿ, ಇದ್ದುದರಲ್ಲೇ ದೊಡ್ಡವೆರಡನ್ನು ಆರಿಸಿ ಕೊಟ್ಟಳು. ಕೈಯಲ್ಲಿ ಹಿಡಿದು ಬರುವಂತಿಲ್ಲ, ಕೋಟಿನ ಕಿಸೆಯಲ್ಲಿಟ್ಟರೆ ಒಡೆಯುತ್ತವೆ. ರುಮಾಲು ಬಿಚ್ಚಿ, ನೆತ್ತಿಯ ಮೇಲೆ ಎರಡನ್ನೂ ಕೂಡಿಸಿ, ಸುತ್ತಿಕೊಂಡು ಹೊರಟೆ. ಅಷ್ಟು ಗಂಭೀರವಾಗಿ ನಾನು ಕೋರ್ಟಿಗೂ ನಡೆದವನಲ್ಲ.

ಅಂಗಳಕ್ಕೆ ಬಂದರೆ ನಮ್ಮ ಮನೆತನದ ಗುರುಗಳಾದ ಅಯ್ಯನವರು ಕಟ್ಟೆಯ ಮೇಲೆ ಕೂತಿದ್ದಾರೆ. ಎಪ್ಪತ್ತು ದಾಟಿದ ಹಿರಿಯರು. ಬಾಗಿ ಪಾದ ಮುಟ್ಟಬೇಕು. ನಾನು ಕಂಬದಂತೆ ನಿಂತು ಕೈ ಮಾತ್ರ ಮುಗಿದೆ.

“ಯಾಕೋ ತಮ್ಮಾ, ಕಾಲು ಮುಟ್ಟಾಕ ಬ್ಯಾಸರ ಬಂತೇನು?”

“ಕುತ್ತಿಗಿ ಹಿಡದೈತ್ರಿ ಅಯ್ಯನವರ.”

ಬಾಗಿಲಲ್ಲಿ ನಿಂತಿದ್ದ ಇಂದ್ರವ್ವನ ಮುಖ ಕಪ್ಪಿಟ್ಟಿತು. ಆದ ಅಪಚಾರಕ್ಕೆ ಪರಿಹಾರವೆಂಬಂತೆ, “ನಾಳೆ ನೀವೂ ನಮ್ಮ ಮೋಟರಿನ್ಯಾಗ ಇಳಕಲ್ಲಿಗೆ ಬರ್ರಿ ಅಪ್ಪಾರ,” ಎಂದು ಅವರನ್ನು ಕರೆದಳು. ಆಮೇಲೆ ಇಲ್ಲದ ನನ್ನ ನೋವಿಗೆ ಲೇಪ ಮಾಡಲು ಒಳಗೆ ಹೋದಳು. ಅಯ್ಯನವರೂ ಎದ್ದು ಹೋದದ್ದೇ ತಡ, ಅದೇ ಸಮಯವೆಂದು ನಾನು ಮೋಟರಿನ ಕಡೆಗೆ ಓಡಿದೆ. ಜನ್ಮದಲ್ಲಿ ತತ್ತಿ ಒಡೆದವನಲ್ಲ. ಬಿಳಿಯದು, ಹಳದಿಯದು, ಸಿಪ್ಪೆಯ ಚೂರು ಎಲ್ಲವೂ ಒಟ್ಟಿಗೇ ನೀರಿನ ಡಬ್ಬಿಗೆ ಬಿದ್ದವು.

ಇಂದ್ರವ್ವ ಕಡಲೆಹಿಟ್ಟು, ಅರಿಷಿಣ ಕಲಸಿ ಬಿಸಿಮಾಡಿದ ಲೇಪವನ್ನು ನನ್ನ ಕುತ್ತಿಗೆಗೆ ಬಳಿದಳು. ಸುಡುತ್ತಿದ್ದರೂ ನಾನು ಕುತ್ತಿಗೆ ಒಡ್ಡಿ ಕೂತೆ. ಉಳಿದ ಅರ್ಧ ಬಟ್ಟಲನ್ನು ಹಿಡಿದು ಅವಳು ಹೊರಗೆ ಹೋದಳು. ಎತ್ತಿಗೂ ಎಲ್ಲೋ ಕುತ್ತಿಗೆ ಹಿಡಿದಿರಬೇಕು ಅಂದುಕೊಂಡೆ.

ಸೋಮವಾರ ಹೊರಟೆವು. ಹೊರಡುವುದಕ್ಕೆ ಎರಡು ತಾಸು ಮುಂಚೆಯೇ ಇಂದ್ರವ್ವ ಆಳು ಈರಪ್ಪನಿಗೆ, “ಬಂಡಿ ಕಟ್ಟಿಕೊಂಡು ಮುಂದ ನಡಿ,” ಎಂದಿದ್ದಳು. ಆ ಅವಮಾನವನ್ನೂ ನುಂಗಿದೆ. ಯಾಕೆಂದರೆ ಬಿರುಕಿನಿಂದ ಒಂದು ಹನಿ ಕೂಡ ಬೀಳುತ್ತಿರಲಿಲ್ಲ. ಮೋಟರು ಓಡಿತು. ಒಂದು ಮೈಲು, ಎರಡು ಮೈಲು, ಐದು ಮೈಲು, ಆಮೇಲೆ ಈರಪ್ಪನ ಬಂಡಿಯನ್ನೂ ಹಿಂದೆ ಹಾಕಿತು. ಹಿಂದೆ ಅಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು, ಪಕ್ಕದಲ್ಲಿ ಇಂದ್ರವ್ವ ಸೆರಗು ಹಾರದಂತೆ ಹಿಡಿದುಕೊಂಡು ಒಮ್ಮೆ ನಕ್ಕಳು. ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಇಳಕಲ್ಲು ಕಣ್ಣಿಗೆ ಕಾಣುವಷ್ಟರಲ್ಲಿ ಏನೋ ವಾಸನೆ ಬಂತು. ಮೋಟರು ಒಮ್ಮೆ ನರಳಿತು. ನೀರಿನ ಡಬ್ಬಿಯ ಮುಚ್ಚಳ ಟಪ್ಪೆಂದು ಹಾರಿ ಹೊಲದಲ್ಲಿ ಬಿತ್ತು. ಡಬ್ಬಿಯ ಬಾಯಿಂದ ಹಳದಿಯದೊಂದು ಗಟ್ಟಿ ಪದಾರ್ಥ ಕೊತಕೊತ ಉಕ್ಕಿ ಮುಂದೆಲ್ಲ ಹರಡಿತು. ಎಂಜಿನ್ನು ನಿಂತಿತು.

ನಾನು ಬಯ್ಗುಳಕ್ಕೆ ಕಾದೆ. ಬರಲಿಲ್ಲ. ನೋಡಿದರೆ ಇಂದ್ರವ್ವನ ಕಣ್ಣು ತುಂಬಿದೆ.

“ನಂದ ತಪ್ರಿ. ನೀವು ಐದು ದಿನಾ ಊಟಾ ಬಿಟ್ಟು ಅದರ ಮುಂದ ಕುಂತದ್ದು ನೋಡಿ ಜೀವಾ ತಡೀಲಿಲ್ಲ. ಹಿಟ್ಟಾದರೂ ನಡೀತೈತಿ ಅಂತ ಗೌಸಣ್ಣ ಅಂದಿದ್ದ. ನಿಮ್ಮ ಕುತ್ತಿಗಿಗೆ ಹಚ್ಚಿ ಉಳದ ಕಡ್ಲಿಹಿಟ್ಟು ಅರಿಷಿಣಾನ ನಾನ ಅದರಾಗ ಹಾಕಿದೆ. ಭಾಳ ಆತೋ ಏನೋ. ನೀವು ಸೋತಿಲ್ಲ, ಎತ್ತು ಮಾರ್ರಿ.”

ಕೇಳಿದಿರಾ? ಗೆದ್ದಿದ್ದೆ ನಾನು. ಇನ್ನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದಕ್ಕೆ ವಕೀಲನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಷ್ಟರಲ್ಲಿ ಅಯ್ಯನವರು ಕೆಳಗಿಳಿದು ಬಂದರು. ಬೆಳಗಿನಿಂದ ಏನೂ ತಿಂದಿರಲಿಲ್ಲ ಅವರು.

“ಕಡ್ಲಿಹಿಟ್ಟು, ಅರಿಷಿಣ, ಬಿಸಿನೀರು. ಅಂದ್ರ ಜುಣಕನ ಆತಲ್ಲ ಯವ್ವಾ. ಮಡೀಲೆ ಮಾಡೀಯಲ್ಲ? ವಾಸನಿ ಭಾಳ ಚಲೋ ಐತಿ. ಬುತ್ತ್ಯಾಗಿಂದು ಅರ್ಧ ರೊಟ್ಟಿ ಕೊಡು, ನೋಡೂಣು.”

ಇಂದ್ರವ್ವ ರೊಟ್ಟಿ ಕೊಟ್ಟೇಬಿಟ್ಟಳು. ಅಯ್ಯನವರು ಒಂದು ತುಂಡು ಮುರಿದು ಮೋಟರಿನ ಕಡೆಗೆ ಕೈ ಚಾಚಿದರು. ಒಂದು ಕಡೆ ಎಪ್ಪತ್ತು ವರ್ಷದ ವ್ರತ, ಇನ್ನೊಂದು ಕಡೆ ನನ್ನ ಏಕಮಾತ್ರ ಮೋಟರು. ಆ ಕೈ ಮುಂದೆ ಹೋಗುತ್ತಲೇ ಇತ್ತು. ನನಗೆ ಆಗಲಿಲ್ಲ.

“ಬ್ಯಾಡ್ರಿ ಅಯ್ಯನವರ. ಅದರಾಗ ತತ್ತಿ ಐತಿ.”

ಅಯ್ಯನವರು ಕೈ ಹಿಂದಕ್ಕೆ ತೆಗೆದರು.

“ಎಷ್ಟು?” ಎಂದಳು ಇಂದ್ರವ್ವ.

“ಎರಡು.”

“ಎದರಾಗ ತಂದ್ರಿ?”

ನಾನು ರುಮಾಲು ಮುಟ್ಟಿ ತೋರಿಸಿದೆ. ಅಯ್ಯನವರು ನನ್ನ ತಲೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ರೊಟ್ಟಿಯ ತುಂಡನ್ನು ಒಣದಾಗಿಯೇ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, “ಈಗಾದರೂ ಬಾಗ್ತೈತೇನು ತಮ್ಮಾ ಕುತ್ತಿಗಿ?” ಎಂದು ಕೇಳಿದರು. ಬಾಗಿದೆ. ಧೂಳಿನಲ್ಲಿ ಹಣೆ ಹಚ್ಚಿದ್ದಾಗಲೇ ಹಿಂದಿನಿಂದ ಎತ್ತಿನ ಗೆಜ್ಜೆಯ ಸಪ್ಪಳ ಕೇಳಿತು.

ಗೌಸಸಾಬ ಮರುದಿನ ನೀರಿನ ಡಬ್ಬಿಯನ್ನು ಕೆರೆದು ಕೆರೆದು ಸಾಕಾಗಿ ಎದ್ದ. “ಯಾವುದರ ಒಂದ ಹಾಕಿದ್ರ ನಡೀತಿತ್ರಿ ಸಾಹೇಬ್ರ. ಗಂಡಾ ಹೇಣ್ತಿ ಒಬ್ಬರಿಗೊಬ್ಬರು ಒಂದು ಮಾತು ಹೇಳಿದ್ರ ಇಳಕಲ್ಲೇನು, ಅದರಾಚೀ ಕುಷ್ಟಗಿ ಮುಟ್ಟತಿದ್ರಿ.”

ಕರಾರಿನಂತೆ ಮೋಟರು ನಮ್ಮ ಅಂಗಳಕ್ಕೆ ಬರಲಿಲ್ಲ. ಮಕ್ತುಮಬಿ ದೊಡ್ಡ ಮನಸ್ಸು ಮಾಡಿ ತನ್ನ ಮನೆಯ ಮುಂದೆ ಜಾಗ ಕೊಟ್ಟಳು. “ಆ ರೋಗಿ ಹ್ಯಾಂಗದಾರ್ರಿ ವಕೀಲರ?” ಎಂದು ಒಮ್ಮೆ ಕೇಳಿದಳು. “ನಿಮ್ಮ ಮುಂದನ ಅದಾರ,” ಎಂದೆ.

ಈಗ ಅವಳ ಕೋಳಿಗಳು ಮೋಟರಿನ ಹಿಂದಿನ ಸೀಟಿನಲ್ಲಿ ತತ್ತಿ ಇಡುತ್ತವೆ. ನಾನು ಕೂರುತ್ತಿದ್ದ ಜಾಗದಲ್ಲಿ ಒಂದು ಕೆಂಪು ಕೋಳಿ ಕಾವು ಕೂತಿದೆ. ನಾನು ದಿನಾ ಅದರ ಮುಂದೆಯೇ ಬಂಡಿಯಲ್ಲಿ ಕೋರ್ಟಿಗೆ ಹೋಗುತ್ತೇನೆ. ಈರಪ್ಪ ಹಗ್ಗ ಎಳೆಯದಿದ್ದರೂ ಅಲ್ಲಿಗೆ ಬಂದಕೂಡಲೇ ಎತ್ತುಗಳು ತಾವಾಗಿಯೇ ನಿಲ್ಲುತ್ತವೆ. ನಾನು ಆ ಕಡೆ ನೋಡುವುದಿಲ್ಲ. ಅವು ನೋಡುತ್ತವೆ, ಸಾಕಾಗುವಷ್ಟು ನೋಡಿ, ಆಮೇಲೆ ನಡೆಯುತ್ತವೆ.