ಗಾಂಧಾರಿಯೂ ಕರದಂಟಿನ ಡಬ್ಬಿಯೂ

ಪುರಾಣದ ಹೆಂಗಸರಲ್ಲಿ ನನಗೆ ಇಂದಿಗೂ ಸೇರದವಳೆಂದರೆ ಗಾಂಧಾರಿ. ಸೀತೆಯ ಬಗ್ಗೆ ಮರುಕವಿದೆ, ದ್ರೌಪದಿಯ ಬಾಯಿ ಕಂಡರೆ ಹೊಟ್ಟೆಕಿಚ್ಚೇ ಇದೆ. ಆದರೆ ಗಂಡನಿಗೆ ಕಾಣದೆಂದು ತಾನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಈ ಮಹಾತಾಯಿಯನ್ನು ಜನ ಹೊಗಳುವಾಗ ನನ್ನದು ಒಂದೇ ಪ್ರಶ್ನೆ: ಎಕ್ಸ್‌ಕ್ಯೂಸ್ ಮಿ, ಹಾಗಾದರೆ ಮನೆಯಲ್ಲಿ ನೋಡುವವರು ಯಾರು? ನೂರು ಗಂಡುಮಕ್ಕಳು. ಒಬ್ಬ ಮೋಸದ ಜೂಜಾಡಿಸುತ್ತಾನೆ, ಇನ್ನೊಬ್ಬ ತುಂಬಿದ ಸಭೆಯಲ್ಲಿ ಸೀರೆಗೆ ಕೈಹಾಕುತ್ತಾನೆ. ತಾಯಿಯಾದವಳು ಬಟ್ಟೆ ಸರಿಸಿ ಒಬ್ಬನ ಕಿವಿ ಹಿಂಡಿದ್ದರೂ ಕುರುಕ್ಷೇತ್ರ ಬರೀ ಒಂದು ಹೊಲವಾಗಿ ಉಳಿಯುತ್ತಿತ್ತು.

ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಇವಳ ಪಾತ್ರ ಮಾಡಿದ್ದೆ, ಅದೂ ಇಂಗ್ಲಿಷಿನಲ್ಲಿ. ಡೈಲಾಗ್ ಮರೆಯುವವಳೆಂದು ಮಾತು ಕಡಿಮೆಯಿರುವ ರೋಲ್ ಕೊಟ್ಟಿದ್ದರು. ರಿಹರ್ಸಲ್ಲಿನಲ್ಲಿ ದಪ್ಪ ಬಟ್ಟೆ ಕಟ್ಟಿಕೊಂಡು ಪಿಯಾನೋಗೆ ಡಿಕ್ಕಿ ಹೊಡೆದೆ, ಜೊತೆಗೆ ಧೃತರಾಷ್ಟ್ರನನ್ನೂ ಕೆಡವಿದೆ. ನಾಟಕ ಕಲಿಸುತ್ತಿದ್ದ ಸಿಸ್ಟರ್ ತೆಳ್ಳನೆಯ ಮಲ್‌ಮಲ್ ತುಂಡು ಕಟ್ಟಿ, "ಡಿಯರ್, ನಿನಗೆ ಎಲ್ಲ ಕಾಣಬೇಕು. ಕಾಣುತ್ತಿದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಾಗಬಾರದು" ಎಂದರು. ಆ ಸಿಸ್ಟರು, ಆ ಪಿಯಾನೋ, ಇಸ್ತ್ರಿ ಮಾಡಿದ ಆ ನೀಲಿ ಪಿನಾಫೋರು. ಇರಲಿ, ಎಲ್ಲಿಗೋ ಹೋದೆ.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಗಾಂಧಾರಿ ನನ್ನ ತಂಟೆಗೆ ಬಂದಿರಲಿಲ್ಲ. ಈಚೆಗೆ ಬಂದಳು. ಹತ್ತಿ ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತಿರುವ ನಮ್ಮವರಿಗೆ ಡಾಕ್ಟರು, ಶುಗರ್ ಕಣ್ಣಿಗೆ ಇಳಿಯುತ್ತಿದೆ, ಸಿಹಿ ಬಿಡದಿದ್ದರೆ ದೃಷ್ಟಿಯೇ ಹೋದೀತು ಎಂದರು. ಸುದ್ದಿ ಮುರಗೋಡ ಮುಟ್ಟಿತು. ಅಲ್ಲಿರುವ ಇವರ ಅಕ್ಕ ಸೀದಾ ಸಿರಸಂಗಿಗೆ ಹೋಗಿ, ಕಾಳಮ್ಮನಿಗೆ ಹರಕೆ ಹೊತ್ತು, ನಮ್ಮ ಮನೆಗೆ ಬಂದಿಳಿದರು. ನಮ್ಮಲ್ಲಿ ಹರಕೆಯನ್ನು ಇನ್ನೊಬ್ಬರ ಹೆಸರಿನಲ್ಲೂ ಹೊರಬಹುದು. ಪುಣ್ಯ ಹೊತ್ತವರಿಗೆ, ತೀರಿಸುವ ಕೆಲಸ ನಮಗೆ.

"ಲೀಲಾ, ತಮ್ಮನ ಕಣ್ಣು ಉಳದರ ನೀ ಸಿಹಿ ಮುಟ್ಟಂಗಿಲ್ಲಂತ ಬೇಡಿಕೊಂಡು ಬಂದೇನಿ" ಎಂದರು.

"ನಾನ ಯಾಕ್ರಿ ಅಕ್ಕಾರ? ನಿಮ್ಮ ಹೆಸರಲೇ ಬೇಡಿಕೊಳ್ಳಬೇಕಿತ್ತು."

"ನನಗ ಹಲ್ಲರ ಎಲ್ಲಿ ಅದಾವವಾ? ನಾ ಬಿಟ್ರ ಕಾಳಮ್ಮ ಲೆಕ್ಕಕ್ಕ ಹಿಡಿಯಂಗಿಲ್ಲ. ಆ ಗಾಂಧಾರಿ ಕಣ್ಣ ಕಟ್ಟಿಕೊಂಡಳು, ನಿನಗ ಒಂದು ಕರದಂಟು ಬಿಡಾಕ ಆಗಂಗಿಲ್ಲೇನು?"

ನಾನು ಬಿಡುತ್ತೇನೆಯೇ? "ಇಬ್ಬರೂ ಕಣ್ಣ ಕಟ್ಟಿಕೊಂಡ್ರ ಡಬ್ಬಿ ಕಾಯೋರು ಯಾರ್ರಿ? ಸಿಹಿ ಬಿಡತೇನಿ. ಆದರ ಕಣ್ಣು ತೆರೆದ ಇಡತೇನಿ" ಎಂದು ಲೆಕ್ಚರ್ ಕೊಟ್ಟೆ. ಬಂದವರಿಗೆಂದು ಇಟ್ಟಿದ್ದ ಕರದಂಟಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದೆ. ಅಕ್ಕ ಮರುದಿನ ಊರಿಗೆ ಹೋದರು.

ಒಂದು ಮಧ್ಯಾಹ್ನ ಆರಾಮಕುರ್ಚಿಯಲ್ಲಿ ಇಂಗ್ಲಿಷ್ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಒರಗಿದ್ದೆ. ಅಡುಗೆಮನೆಯಲ್ಲಿ ಸಪ್ಪಳವಾಯಿತು. ಪೇಪರಿನ ಅಂಚಿನಿಂದ ನೋಡಿದರೆ ನಮ್ಮವರು ಸ್ಟೂಲಿನ ಮೇಲೆ ನಿಂತು, ಎರಡೂ ಕಣ್ಣು ಮುಚ್ಚಿ, ಕರದಂಟು ಅಗಿಯುತ್ತಿದ್ದಾರೆ. ಕೂಗಬೇಕಿತ್ತು. ಆದರೆ ತಿಂಗಳಿಂದ ರೊಟ್ಟಿ, ಪಲ್ಯ ತಿಂದುಕೊಂಡು ತುಟಿಪಿಟಕ್ಕೆನ್ನದ ಮನುಷ್ಯ; ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಸುಖ ಕಂಡಿರಲಿಲ್ಲ. ಒಂದೇ ತುಂಡು ತಾನೆ ಎಂದು ಪೇಪರನ್ನು ಮೇಲೆಳೆದುಕೊಂಡೆ. ಮರುದಿನವೂ ಎಳೆದುಕೊಂಡೆ.

ಡಬ್ಬಿಯಲ್ಲಿ ಕರದಂಟು ಕಡಿಮೆಯಾಗತೊಡಗಿತು. "ಇರವಿ ಭಾಳ ಆಗ್ಯಾವ್ರಿ" ಎಂದು ಗಟ್ಟಿಯಾಗಿ ಹೇಳಿದೆ. ಮೀಸೆಯಲ್ಲಿ ಕೊಬ್ಬರಿಯ ಚೂರು ಇಟ್ಟುಕೊಂಡೇ, "ಹೌದು, ಪುಡಿ ಹಾಕಬೇಕು" ಎಂದರು.

ಕಣ್ಣಿನ ತಪಾಸಣೆಯ ಹಿಂದಿನ ದಿನ ಅಕ್ಕ ಮತ್ತೆ ಬಂದರು. "ತಮ್ಮ ಪಥ್ಯ ಮಾಡ್ಯಾನಿಲ್ಲ? ನೀ ನೋಡೀದಿ?"

"ನಾನಂತೂ ಏನೂ ನೋಡಿಲ್ರಿ ಅಕ್ಕಾರ."

"ಶಾಣ್ಯಾಕಿ, ನಮ್ಮ ಗಾಂಧಾರಿ" ಎಂದು ಬೆನ್ನು ಸವರಿದರು. ಅದು ಬೆನ್ನಿಗಲ್ಲ, ಬೇರೆಲ್ಲಿಗೋ ತಾಗಿತು. ನಾಳೆ ಡಾಕ್ಟರು ದೀಪ ಹಿಡಿದು ನೋಡುತ್ತಾರೆ, ಆ ದೀಪಕ್ಕೆ ಮಲ್‌ಮಲ್ ಕಟ್ಟಲು ಬರುವುದಿಲ್ಲ. ಎದ್ದು ಹೋಗಿ ಡಬ್ಬಿ ಇಳಿಸಿ ಅಕ್ಕನ ಚೀಲದಲ್ಲಿ ತುರುಕಿದೆ. ಹಲ್ಲಿಲ್ಲದಿದ್ದರೇನು, ಚೀಪಲಿ.

ಸಂಜೆ ಅಕ್ಕ ಊರಿಗೆ ಹೊರಟಾಗ ಡಬ್ಬಿಯನ್ನು ಗೇಟಿನವರೆಗೆ ಹೋಗಿ ಬೀಳ್ಕೊಟ್ಟ ನಮ್ಮವರು ಒಳಗೆ ಬಂದು ಖಾಲಿ ಹಲಗೆಯತ್ತ ಒಮ್ಮೆ ನೋಡಿದರು. ಆಮೇಲೆ, "ಲೀಲಾ, ನೀ ಇಷ್ಟು ದಿನ ಎಲ್ಲಾ ನೋಡಾಕ ಹತ್ತಿದ್ದೇನ?" ಎಂದರು.

ನಾನು ಪೇಪರನ್ನು ಮುಖದ ಮೇಲೆ ಎಳೆದುಕೊಂಡೆ.