ಗೌಡರನ್ನು ಮರೆತ ಕಂಪ್ಯೂಟರು

ಮರೆವಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿ ಹಾಜರಿ ಕರೆದವಳು ನಾನು. ಇವತ್ತಿಗೂ ಮಾರ್ಕೆಟ್ಟಿನಲ್ಲಿ ತಲೆ ನರೆತವರೊಬ್ಬರು "ನಮಸ್ಕಾರ ಮಿಸ್" ಎಂದರೆ, ಅವರ ಹೆಸರಷ್ಟೇ ಅಲ್ಲ, ಯಾವ ಬೆಂಚಿನಲ್ಲಿ ಕೂತು ಯಾರ ಹಾಳೆ ನೋಡಿ ಬರೆಯುತ್ತಿದ್ದರು ಎಂಬುದನ್ನೂ ಹೇಳಬಲ್ಲೆ. ಹೇಳುತ್ತೇನೆ ಕೂಡ. ಅವರು ಬೇಗಬೇಗ ಸೊಪ್ಪು ಕೊಂಡು ಹೊರಟುಬಿಡುತ್ತಾರೆ. ಇಂಥ ನಾನು ನಿವೃತ್ತಿಯಾದ ಮೇಲೆ ಹಟ ಹಿಡಿದು ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದೆ. ಅದಕ್ಕೋ, ಹೆತ್ತವಳ ನೆನಪೂ ಉಳಿಯುತ್ತಿರಲಿಲ್ಲ.

ಬೋಗಾದಿಯ ನಮ್ಮ ಬಡಾವಣೆಯಲ್ಲಿ ಒಂದು ಪುಟ್ಟ ವಾಚನಾಲಯವಿದೆ. ಎರಡು ಬೀರು ಪುಸ್ತಕ, ಆರು ಪ್ಲಾಸ್ಟಿಕ್ ಕುರ್ಚಿ, ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರು ಮತ್ತು ಪ್ರಿಂಟರು. ಪುಸ್ತಕ ಒಯ್ಯುವವರು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಬೇಕಿತ್ತು. ಅಲ್ಲಿನ ಪೆನ್ನನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದರು. ಮೂರು ತಿಂಗಳು ಕಂಪ್ಯೂಟರ್ ತರಗತಿಗೆ ಹೋಗಿಬಂದಿದ್ದ ನಾನು ಬಡಾವಣೆಯ ಸಂಘದ ಸಭೆಯಲ್ಲಿ ಎದ್ದು ನಿಂತು, "ಈ ಕಾಲದಲ್ಲೂ ದಾರ ಕಟ್ಟಿದ ಪೆನ್ನೇ?" ಎಂದುಬಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು. ಕೆಲಸ ನನ್ನ ತಲೆಗೇ ಬಂತು. ಪ್ರತಿಯೊಬ್ಬರೂ ಒಂದು ಸಲ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು, ಆಮೇಲೆ ಪಾಸ್‌ವರ್ಡ್ ಒತ್ತಿದ ಕೂಡಲೇ ಕಂಪ್ಯೂಟರೇ ಗುರುತು ಹಿಡಿಯುತ್ತದೆ ಎಂದು ಎಲ್ಲರೆದುರು ಜಂಬ ಕೊಚ್ಚಿದೆ. ಹಿಡಿಯಿತು. ಸಂಜೆ ಅದನ್ನು ಆರಿಸುವವರೆಗೆ.

ಮರುದಿನ ಬೆಳಿಗ್ಗೆ ಸಂಘದ ಅಧ್ಯಕ್ಷ ಪುಟ್ಟಸ್ವಾಮಿಗೌಡರ ಫೋನು. ನಮ್ಮ ಬಡಾವಣೆ ಎದ್ದಿರುವುದೇ ಅವರ ಹಿರೀಕರ ಹೊಲದ ಮೇಲೆ.

"ಮೇಡಮ್ಮೋರೇ, ಇದೇ ಜಾಗ್ದಲ್ಲಿ ರಾಗಿ ಬೆಳ್ದೋನು ನಾನು. ನಿಮ್ ಕಂಪ್ಯೂಟ್ರು ನನ್ನೇ ಯಾರು ನೀವು ಅಂತ ಕೇಳ್ತದಲ್ಲ ಕಣಮ್ಮ!"

"ಇನ್ನೊಂದ್ಸಲ ಹೆಸರು ಕೊಡಿ ಗೌಡ್ರೇ."

"ನೆನ್ನೆ ಕೊಟ್ನಲ್ಲ?"

ಕಾರಣ ಸಣ್ಣದು. ಪ್ರೋಗ್ರಾಂ ಎಲ್ಲರ ಹೆಸರನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿತ್ತು. ಮುಚ್ಚಿದ ಕೂಡಲೇ ಸ್ಲೇಟು ಒರೆಸಿದ ಹಾಗೆ ಎಲ್ಲ ಮಾಯ. ಒಂದು ಫೈಲಿನಲ್ಲಿ ಬರೆದಿಟ್ಟುಕೋ ಎಂದು ನಾನು ಅದಕ್ಕೆ ಹೇಳಿರಲೇ ಇಲ್ಲ. ಹೇಳಿದ ಮೇಲೆ ಇನ್ನೊಂದು ತರಲೆ: ಹೊಸಬರ ಹೆಸರು ಬಂದರೆ ಹಳಬರನ್ನೆಲ್ಲ ಅಳಿಸಿ ಅದೊಂದನ್ನೇ ಬರೆಯುತ್ತಿತ್ತು. ಅಷ್ಟೂ ದಿನ ಗೌಡರ ಫೋನು ಹಾಲಿನವನಿಗಿಂತ ಮೊದಲು ಬರುತ್ತಿತ್ತು. "ಇವತ್ತೂ ಕೇಳ್ತಾ ಅದೆ ಮೇಡಮ್ಮೋರೇ." ಕಡೆಗೊಂದು ದಿನ, "ಭಾನುವಾರದವರ್ಗೂ ನೋಡಾಣ. ಆಗ್ನಿಲ್ಲ ಅಂದ್ರೆ ನೋಟ್‌ಬುಕ್ಕೇ ತಂದ್ಬುಡಾಣ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದಾರ ಕಟ್ಟಿದ ಪೆನ್ನಿನ ಮುಂದೆ ನಾನು ಸೋಲುವುದೇ? ಮನೆಯಲ್ಲಿ ನಮ್ಮ ಯಜಮಾನರದು ಬೇರೆ ರಾಗ: "ನಾನು ಮರೆತ್ರೆ ಬೈತೀಯ ಸಿಸಿಲಿ. ಅದು ಮರೆತ್ರೆ ಅಡುಗೆ ಬಿಟ್ಟು ಆರೈಕೆ ಮಾಡ್ತೀಯ."

ಅಂತೂ ಶನಿವಾರ ಸರಿಹೋಯಿತು. ಎಲ್ಲರನ್ನೂ ಕರೆಸಿ, ಇದೇ ಕೊನೆ ಎಂದು ಆಣೆ ಪ್ರಮಾಣ ಮಾಡಿ ಮತ್ತೆ ಹೆಸರು ತೆಗೆದುಕೊಂಡೆ. "ಪಾಸ್‌ವರ್ಡ್ ಏನ್ ಹಾಕ್ಲಿ?" ಎಂದರು ಗೌಡರು. "ನೀವು ಯಾವತ್ತೂ ಮರೆಯದೇ ಇರೋದನ್ನ ಹಾಕಿ, ನನಗೂ ಹೇಳಬೇಡಿ" ಎಂದೆ. ಅವರು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಕೊನೆಗೆ ನನ್ನ ಸರದಿ. ವಾರದ ರೋಷವೆಲ್ಲ ಬೆರಳಿಗಿಳಿದು 'ಗೌಡ್ರಕಾಟ' ಎಂದು ಒತ್ತಿದೆ. ಮನಸ್ಸು ಹಗುರವಾಯಿತು. ಯಾರಿಗೆ ಗೊತ್ತಾಗಬೇಕು? ಪಾಸ್‌ವರ್ಡನ್ನು ಯಾರೂ ಓದಲಾಗದ ಹಾಗೆ ಮರೆಮಾಚಿ ಬರೆದಿಡುವ ವಿಧಾನವೊಂದಿದೆಯಂತೆ. ಅದನ್ನು ಕಲಿಸಿದ ದಿನ ನಾನು ತರಗತಿಗೆ ಚಕ್ಕರ್ ಹೊಡೆದು ನಾದಿನಿಯ ಮಗಳ ಮದುವೆಗೆ ಹೋಗಿದ್ದೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಗೆದ್ದ ಹುಮ್ಮಸ್ಸಿನಲ್ಲಿ ವಾಚನಾಲಯಕ್ಕೆ ಬಂದರೆ ನೋಟೀಸ್ ಬೋರ್ಡಿನ ಮುಂದೆ ಜನವೋ ಜನ. ಬೆಳಿಗ್ಗೆ ಕಂಪ್ಯೂಟರು ಗೌಡರನ್ನು ಗುರುತು ಹಿಡಿದಿದೆ. ಆ ಸಂತೋಷದಲ್ಲಿ ಅವರು 'ಸದಸ್ಯರು' ಎಂಬ ಫೈಲು ಕಂಡು, ಕನ್ನಡಕವಿಲ್ಲದೆಯೇ ಪ್ರಿಂಟ್ ತೆಗೆದು, ಪಟ್ಟಿ ಎಲ್ಲರಿಗೂ ಕಾಣಲಿ ಎಂದು ಅಂಟಿಸಿದ್ದಾರೆ. ಒಂದು ಕಡೆ ಹೆಸರು, ಎದುರಿಗೆ ಪಾಸ್‌ವರ್ಡ್. ನಾನು ಹೋಗುವ ಹೊತ್ತಿಗೆ ಅವರ ಕನ್ನಡಕವೂ ಮನೆಯಿಂದ ಬಂದಿತ್ತು. ಕಟ್ಟಕಡೆಯ ಸಾಲಿನಲ್ಲಿ ನನ್ನ ಹೆಸರು, ಅದರೆದುರು 'ಗೌಡ್ರಕಾಟ'. ಮೊದಲ ಸಾಲಿನಲ್ಲಿ ಪುಟ್ಟಸ್ವಾಮಿಗೌಡ, ಅದರೆದುರು 'ಸಿಸಿಲಿಟೀಚರ್'.

"ಮರೀದೇ ಇರೋದು ಹಾಕಿ ಅಂದ್ರಲ್ಲ ಮೇಡಮ್ಮೋರೇ, ಹಾಕ್ದೆ. ನನ್ ಮೊಮ್ಮಗ್ಳು ಲೆಕ್ಕದಲ್ಲಿ ಪಾಸಾಗಿದ್ದೇ ನಿಮ್ಮಿಂದ" ಎಂದರು. ಕನ್ನಡಕ ತೆಗೆದು ಜೇಬಿಗಿಟ್ಟು, "ನೀವೂ ಮರೀದೇ ಇರೋದ್ನೇ ಹಾಕಿದ್ದೀರ ಬುಡಿ" ಎಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಗೌಡ್ರೇ" ಎಂದು ಪಟ್ಟಿ ಕಿತ್ತು, ಕೈಯಾರೆ ಆ ಫೈಲನ್ನೂ ಅಳಿಸಿದೆ. ಕಂಪ್ಯೂಟರು ಮತ್ತೆ ಎಲ್ಲರನ್ನೂ ಮರೆಯಿತು. ವಾರವಿಡೀ ಶಪಿಸಿದ್ದ ಆ ಮರೆವು ಈಗ ಮನುಷ್ಯರಿಗೂ ಬರಬಾರದೇ ಎನಿಸಿತು.

ತರಗತಿಯವರನ್ನು ಕೇಳಿ, ಮರೆಮಾಚುವ ವಿಧಾನ ಕಲಿತು, ಮುಂದಿನ ಭಾನುವಾರ ಮತ್ತೆ ಎಲ್ಲರನ್ನೂ ಕರೆದೆ. ಗೌಡರೇ ಮೊದಲು ಕುರ್ಚಿ ಎಳೆದುಕೊಂಡರು.

"ಹಳೇದೇ ಹಾಕ್ಲಾ?"

"ಅದು ಎಲ್ಲರಿಗೂ ಗೊತ್ತಾಗಿದೆಯಲ್ಲ ಗೌಡ್ರೇ."

"ಗೊತ್ತಾಗ್ಲಿ ಬುಡಿ" ಎಂದು ಅದನ್ನೇ ಒತ್ತಿದರು.

ಆಮೇಲೆ ನಾನು. ಬೆರಳಿಟ್ಟೆನೋ ಇಲ್ಲವೋ, ವಾಚನಾಲಯದಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಪಕ್ಕದವರ ಹಾಳೆ ನೋಡಬೇಡಿ ಎಂದು ಮೂವತ್ತು ವರ್ಷ ಕೂಗಿದವಳು, ಅಂದು ಎಡಗೈ ಅಡ್ಡ ಹಿಡಿದುಕೊಂಡು ಒತ್ತಬೇಕಾಯಿತು.