ಇನ್ನೂರು ಅಂಗಿ, ಒಂದೊಂದಕ್ಕೆ ಏಳು ತೂತು

ಕೆಡುಕೆಲ್ಲ ಶುರುವಾದದ್ದು ನಾಚಿಯಮ್ಮನ ಒಳ್ಳೆಯತನದಿಂದ.

ತಿರುಪ್ಪೂರಿನ ಆ ಬನಿಯನ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಚೆಕಿಂಗ್ ನೋಡಿಕೊಳ್ಳುವವಳು ಆಕೆ. ಬಟ್ಟೆಯಲ್ಲಿ ತೂತು ಕಂಡರೆ ಸಾಕು, ಮಗುವಿನ ಮೊಣಕಾಲಲ್ಲಿ ಗಾಯ ಕಂಡ ತಾಯಿಯಂತೆ ಕೈ ತಾನೇ ಅಲ್ಲಿಗೆ ಹೋಗಿಬಿಡುತ್ತದೆ. ಎರಡು ದಿನ ಬೇರೆ ಕೆಲಸಕ್ಕೆ ಕೊಯಮತ್ತೂರಿಗೆ ಹೋಗಿದ್ದ ಸೂಪರ್‌ವೈಸರ್ ತಿರುಮೂರ್ತಿ ಬುಧವಾರ ಬೆಳಿಗ್ಗೆ ಬಂದು ನೋಡುತ್ತಾನೆ: ಇನ್ನೂರು ಕಪ್ಪು ಟೀ ಶರ್ಟುಗಳು ಮೇಜಿನ ಮೇಲೆ ಒಪ್ಪವಾಗಿ ಕೂತಿವೆ. ಒಂದರಲ್ಲೂ ತೂತಿಲ್ಲ.

"ಅಕ್ಕಾ, ತೂತುಗಳೆಲ್ಲಿ?"

"ಮುಚ್ಚಿಬಿಟ್ಟೆ ಕಣಪ್ಪಾ," ಎಂದಳು ನಾಚಿಯಮ್ಮ, ಅಭಿಮಾನದಿಂದ. "ಒಂದೊಂದು ಅಂಗೀಲೂ ಏಳೇಳು ಇತ್ತು. ಹದಿನೆಂಟು ಹೆಂಗಸರು ಕೂತು ಎರಡು ದಿನ ರಫು ಹೊಲಿದ್ವಿ. ಕಪ್ಪು ದಾರ ಮುಗಿದುಹೋಗಿತ್ತು, ಕೆಂಪು ಹಾಕಿದ್ವಿ. ಎಷ್ಟು ಲಕ್ಷಣವಾಗಿದೆ ನೋಡು!"

ತಿರುಮೂರ್ತಿ ಹತ್ತಿರದ ಸ್ಟೂಲಿನ ಮೇಲೆ ಕುಸಿದ. "ಆ ತೂತುಗಳನ್ನ ನಾನೇ ಅಳತೆ ಹಿಡಿದು ಹಾಕಿಸಿದ್ದೆ ಅಕ್ಕಾ."

"ಯಾಕೆ ಸಾಮಿ? ಮೈಯಲ್ಲಿ ಹುಷಾರಿಲ್ವಾ?"

ಹುಷಾರಾಗಿಯೇ ಇದ್ದ. ಆ ಅಂಗಿಗಳು ಹೋಗಬೇಕಾದದ್ದು ಮೂವರು ಮುದುಕರಿಗೆ. ಇಂಗ್ಲೆಂಡಿನವರು. ಹರೆಯದಲ್ಲಿ ಕೂದಲನ್ನು ಹುಂಜದ ಜುಟ್ಟಿನಂತೆ ನಿಲ್ಲಿಸಿ, ಕಿವಿಗೆ ಪಿನ್ನು ಚುಚ್ಚಿಕೊಂಡು, ಲೋಕವೇ ಹಾಳಾಗಲಿ ಎಂದು ಕಿರುಚುವ ಪಂಕ್ ಹಾಡು ಹಾಡಿದವರು. ಈಗ ಎಪ್ಪತ್ತು ಹತ್ತಿರವಾಗಿ, ಅಮೆರಿಕದ ಒಂದು ಮರುಭೂಮಿಗೆ ಹೋಗಿ ನೆಲೆಸಿ, ಅಗಲ ಟೋಪಿ ಹಾಕಿಕೊಂಡು, ಆ ದೇಶದ ಹಳೆಯ ಹಳ್ಳಿಹಾಡುಗಳ ಧಾಟಿಯಲ್ಲಿ ನಿಧಾನವಾಗಿ ಹಾಡುವ ಹೊಸ ತಂಡ ಕಟ್ಟಿದ್ದರು. ಮೊದಲ ಕಛೇರಿಗೆ ಬಂದವರಿಗೆ ಮಾರಲು ಅಂಗಿ ಬೇಕಿತ್ತು. ಹಿರಿಯವನಾದ ನೆವಿಲ್ ತನ್ನ ನಲವತ್ತೈದು ವರ್ಷದ ಹಳೆಯ ಅಂಗಿಯನ್ನೇ ಸ್ಯಾಂಪಲ್ ಎಂದು ಕಳಿಸಿದ್ದ. ಅದರಲ್ಲಿ ಏಳು ತೂತು. ತಿರುಪ್ಪೂರಿನಲ್ಲಿ ಸ್ಯಾಂಪಲ್ ಎಂದರೆ ದೇವರು. ದೇವರ ಮೂಗು ವಕ್ರವಾಗಿದ್ದರೆ ವಕ್ರವಾಗಿಯೇ ಕೆತ್ತಬೇಕು. ತಿರುಮೂರ್ತಿ ಹಾಗೇ ಕೆತ್ತಿದ್ದ. ಚೆಕಿಂಗಿನವರಿಗೆ ಒಂದು ಮಾತು ಹೇಳಲು ಮಾತ್ರ ಮರೆತಿದ್ದ.

ಕಂಪನಿಯ ಮಾಲೀಕ ಹರಿಹರನ್ ಸುದ್ದಿ ಕೇಳಿ ಕೂಗಾಡಲಿಲ್ಲ. ಅವರು ಕೂಗಾಡದಿದ್ದರೇ ಭಯ. "ಸಂಜೆ ಏಳಕ್ಕೆ ವ್ಯಾನು ಬರುತ್ತೆ. ಸ್ಯಾಂಪಲ್ ಹೇಗಿದೆಯೋ ಹಾಗೆ ಸರಕು ಹತ್ತಬೇಕು. ಹತ್ತಿದರೆ ನಿನ್ನ ನಾಲ್ಕು ದಿನದ ರಜೆ ನಿನ್ನದು. ಇಲ್ಲದಿದ್ದರೆ ರಜೆಯ ಮಾತೇ ಎತ್ತಬೇಡ."

ಆ ರಜೆಗೆ ತಿರುಮೂರ್ತಿ ಎಂಟು ವರ್ಷ ಕಾದಿದ್ದ. ಚಹಾ ತೋಟಗಳ ಬೆಟ್ಟದೂರು ವಾಲ್ಪಾರೈಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೆಂಡತಿ ಸೆಲ್ವಿಗೆ ಮದುವೆಯಾದ ವಾರ ಹೇಳಿದ ಮಾತು. ಪ್ರತಿ ಸಲವೂ ಯಾವುದೋ ದೇಶದವನ ಚಡ್ಡಿಯೋ ಬನಿಯನ್ನೋ ಅಡ್ಡ ಬಂದಿತ್ತು. ನಾಳೆ ಬೆಳಗಿನ ಬಸ್ಸಿಗೆ ಅವಳು ಆಗಲೇ ಚೀಲ ತುಂಬುತ್ತಿದ್ದಳು.

ಅವನು ಈ ಆರ್ಡರು ತಂದುಕೊಟ್ಟ ಕೊಯಮತ್ತೂರಿನ ಏಜೆಂಟರ ಆಫೀಸಿಗೆ ಫೋನು ಮಾಡಿದ. ಎತ್ತಿದವನು ವಿಶ್ವಾಸ್, ದಾವಣಗೆರೆಯ ಹುಡುಗ, ಇಂಗ್ಲಿಷ್ ಸಂಗೀತದ ಹುಚ್ಚ.

"ತಂಬಿ, ಮುದುಕರಿಗೆ ತೂತು ಬೇಕೇ ಬೇಕಾ? ಮುಚ್ಚಿದ್ರೆ ಆಗಲ್ವಾ?"

"ಏನ್ ಸರ್ ನೀವು! ಹರಕು ಬಟ್ಟೆ ಅಂದ್ರೆ ಪಂಕ್‌ನವರಿಗೆ ಮಡಿ ಇದ್ದ ಹಾಗೆ. ಅದನ್ನ ಹೊಲಿಯೋದಂದ್ರೆ ಅವಮಾನ. ಹೊಲಿದ ಅಂಗೀದೊಂದು ಫೋಟೋ ನನಗೆ ಕಳಿಸಿ, ಕ್ಷಮೆ ಕೇಳಿ ನೆವಿಲ್‌ಗೆ ಮೆಸೇಜ್ ಹಾಕ್ತೀನಿ. ಅಲ್ಲೀಗ ರಾತ್ರಿ, ಎದ್ದ ಮೇಲೆ ನೋಡ್ತಾರೆ. ಅಷ್ಟರಲ್ಲಿ ನೀವು ಎಲ್ಲಾ ಕಿತ್ತುಬಿಡಿ."

ನಾಚಿಯಮ್ಮ ಕೈ ಕಟ್ಟಿ ನಿಂತಳು. "ಮುಚ್ಚಿದ ತೂತನ್ನ ನಮ್ಮ ಕೈಯಿಂದ ಬಿಚ್ಚಲ್ಲ. ನಮ್ಮಪ್ಪ, ತಾತ ಎಲ್ಲಾ ಮಗ್ಗದ ಮುಂದೆ ಕೂತವರು. ಕೇಳಿಸಿಕೊಂಡ್ರೆ ಎದ್ದು ಬಂದಾರು." ಹದಿನೆಂಟು ಹೆಂಗಸರೂ ಕೈ ಕಟ್ಟಿದರು.

ಹಾಗಾಗಿ ತಿರುಮೂರ್ತಿ ಸಿಕ್ಕಿದವರನ್ನೆಲ್ಲ ಸೇರಿಸಿದ: ಕಟಿಂಗಿನವರು, ಪ್ಯಾಕಿಂಗಿನವರು, ಗೇಟಿನ ಮಾರಪ್ಪನ್, ಕೊನೆಗೆ ಚಹಾ ಕೊಡಲು ಬಂದವನು ಕೂಡ. ಪ್ರತಿಯೊಬ್ಬನಿಗೂ ತೂತಿನ ಬಗ್ಗೆ ಒಂದೊಂದು ಸಿದ್ಧಾಂತವಿತ್ತು.

"ಕತ್ತರಿ ಬೇಡ, ಹಲ್ಲಲ್ಲಿ ಕಚ್ಚಿ. ಆಗಲೇ ನಿಜವಾದ ತೂತಿನ ಹಾಗೆ ಕಾಣೋದು," ಎಂದ ಒಬ್ಬ.

"ನನ್ನ ಬನಿಯನ್ ನೋಡಿ ಮಾಡಿ. ಇದಕ್ಕಿಂತ ಸ್ಯಾಂಪಲ್ ಬೇಕಾ?" ಎಂದ ಇನ್ನೊಬ್ಬ.

ಮಾರಪ್ಪನ್ ಹಿಂದೊಮ್ಮೆ ಕಾಂಗೇಯಂನಲ್ಲಿ ಎತ್ತು ಪಳಗಿಸಿದವನು. ಕೆಂಪು ದಾರವನ್ನು ಮೂಗುದಾರದಂತೆ ಹಿಡಿದು ಎಳೆದ. ಅವನು ಮಾಡಿದ ತೂತಿನಲ್ಲಿ ತಲೆ ತೂರಿಸಬಹುದಿತ್ತು. ಇಸ್ತ್ರಿಯವನು ಅದನ್ನೇ ಕೊರಳಿನ ತೂತು ಅಂದುಕೊಂಡು ಮಡಚಿಟ್ಟ. ತಿರುಮೂರ್ತಿ ಮಾರಪ್ಪನ್‌ಗೆ ಕೈಮುಗಿದು ಗೇಟಿಗೆ ಕಳಿಸಿದ.

ಮಧ್ಯಾಹ್ನ ವಿಶ್ವಾಸ್ ಮುದುಕರದೊಂದು ಹಾಡು ಕಳಿಸಿದ. ತಿರುಮೂರ್ತಿ ಫೋನನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿದ. ಬಿಸಿಲಲ್ಲಿ ಒಣಗಿದ ಮರದಂಥ ಗಂಟಲು, ಅವಸರವಿಲ್ಲದ ಗಿಟಾರು. ಮಾತು ಯಾರಿಗೂ ತಿಳಿಯಲಿಲ್ಲ, ಕೈಗಳು ಮಾತ್ರ ನಿಧಾನವಾದವು. ಕಿಟಕಿಯ ಬೆಳಕಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ನೋಡುತ್ತ ನೋಡುತ್ತ ತಿರುಮೂರ್ತಿಗೆ ಅದು ಮಂಜೆನಿಸಿತು. ಬಸ್ಸು ತಿರುವಿನ ಮೇಲೆ ತಿರುವು ಹತ್ತುತ್ತಿದೆ, ಪಕ್ಕದಲ್ಲಿ ಸೆಲ್ವಿ, ಕೆಳಗೆ ಚಹಾ ತೋಟದ ಬದಲು ಮರಳು, ಮರಳಿನ ಮೇಲೆ ಮೂವರು ಮುದುಕರು ಟೋಪಿ ಬೀಸುತ್ತಿದ್ದಾರೆ. ಅವನೂ ಕೈ ಬೀಸಿದ.

"ಯಾರಿಗೆ ಟಾಟಾ ಹೇಳ್ತಿದ್ದೀಯ?" ಎಂದಳು ನಾಚಿಯಮ್ಮ.

ಸಂಜೆ ಆರೂಮುಕ್ಕಾಲಿಗೆ ಕೊನೆಯ ಅಂಗಿಯ ಕೊನೆಯ ರಫು ಅವನ ಕೈಯಲ್ಲಿತ್ತು. ಎಳೆದ. ನೆಲದ ತುಂಬ ಕೆಂಪು ದಾರ, ಮದುವೆ ಮುಗಿದ ಚಪ್ಪರದಲ್ಲಿ ಹೂ ಬಿದ್ದ ಹಾಗೆ. ಇನ್ನೂರು ಅಂಗಿ, ಸಾವಿರದ ನಾನೂರು ತೂತು. ಹೊರಗೆ ವ್ಯಾನು ಹಾರ್ನು ಹೊಡೆಯಿತು.

ಅದೇ ಹೊತ್ತಿಗೆ ವಿಶ್ವಾಸ್ ವಿಡಿಯೋ ಕರೆ ಮಾಡಿದ. "ಸರ್, ನೆವಿಲ್ ಎದ್ದರು. ಎಲ್ಲರನ್ನೂ ನೋಡಬೇಕಂತೆ. ಅವರನ್ನೂ ಸೇರಿಸ್ತೀನಿ."

ಪುಟ್ಟ ಪರದೆಯಲ್ಲಿ ಬೆಳಗಾಗುತ್ತಿತ್ತು. ಗುಲಾಬಿ ಬಣ್ಣದ ಮರಳು, ಮುಳ್ಳುಕಳ್ಳಿಗಳ ಉದ್ದುದ್ದ ನೆರಳು, ಮೆಟ್ಟಿಲ ಮೇಲೆ ಮೂವರು ಮುದುಕರು. ನೆವಿಲ್‌ನ ಕಣ್ಣು ಒದ್ದೆಯಾಗಿತ್ತು. ಅವನು ಹೇಳುತ್ತ ಹೋದ, ವಿಶ್ವಾಸ್ ಮೆಲ್ಲಗೆ ತಮಿಳಿನಲ್ಲಿ ಹೇಳಿದ:

"ಫೋಟೋ ನೋಡಿದರಂತೆ. ಹರಿಯೋದು ಎಲ್ಲರಿಗೂ ಬರುತ್ತೆ, ನಾವು ಅರ್ಧ ಆಯುಸ್ಸು ಹರಿದೆವು, ಯಾರೂ ಹೊಲಿದು ಕೊಟ್ಟಿರಲಿಲ್ಲ ಅಂತಿದ್ದಾರೆ. ಈ ವಯಸ್ಸಲ್ಲಿ ನಾವು ಹಾಡೋದೂ ಇದನ್ನೇ ಅಂತೆ. ಆ ಕೆಂಪು ದಾರ ಹಾಕಿದ ಕೈ ಯಾರದು, ತೋರಿಸಿ ಅಂತಿದ್ದಾರೆ."

ಹೆಂಗಸರು ನಾಚಿಯಮ್ಮನನ್ನು ಮುಂದಕ್ಕೆ ತಳ್ಳಿದರು. ಮರುಭೂಮಿಯಲ್ಲಿ ಮೂರು ಟೋಪಿಗಳು ಒಟ್ಟಿಗೆ ತಲೆಯಿಂದ ಇಳಿದವು. ನಾಚಿಯಮ್ಮ ಸೆರಗು ಸರಿಮಾಡಿಕೊಂಡು, "ಊಟ ಆಯ್ತಾಂತ ಕೇಳು," ಎಂದಳು.

"ಇನ್ನೂರೂ ಹಾಗೇ ಇರಲಿ, ಒಂದು ಎಳೆಯನ್ನೂ ಮುಟ್ಟಬೇಡಿ ಅಂತಿದ್ದಾರೆ," ಎಂದ ವಿಶ್ವಾಸ್. ಆಮೇಲೆ ಅವನ ದನಿ ಸಣ್ಣದಾಯಿತು. "ಸರ್... ಕಿತ್ತುಬಿಟ್ರಾ?"

ತಿರುಮೂರ್ತಿ ಕಾಲಿನಿಂದ ಕೆಂಪು ದಾರವನ್ನು ಮೇಜಿನ ಕೆಳಗೆ ಸರಿಸಿದ. ಹರಿಹರನ್ ಹೊರಗೆ ಹೋಗಿ ವ್ಯಾನನ್ನು ಶನಿವಾರ ಬಾ ಎಂದು ಕಳಿಸಿದರು. ಒಳಗೆ ಬಂದವರು ಕೂಗಾಡಲಿಲ್ಲ.

ನಾಚಿಯಮ್ಮ ಸೂಜಿಗೆ ಕೆಂಪು ದಾರ ಪೋಣಿಸಿ ಅವನ ಕೈಗಿಟ್ಟಳು. "ಕೂತ್ಕೋ ಕಣಪ್ಪಾ. ನಾವು ನಾಳೆಯಿಂದ ಸೇರ್ತೀವಿ. ಮೊದಲನೇದು ಕಿತ್ತವನ ಕೈಯಿಂದಲೇ ಆಗಲಿ."

ಫೋನು ಮತ್ತೆ ಬಡಿದುಕೊಂಡಿತು. ಸೆಲ್ವಿ.

"ಏನೂಂದ್ರೆ, ವಾಲ್ಪಾರೈನಲ್ಲಿ ಚಳಿ ಜಾಸ್ತಿಯಂತೆ. ಸ್ವೆಟರ್ ಒಂದಿಡ್ಲಾ, ಎರಡಾ?"

ತಿರುಮೂರ್ತಿ ಸೂಜಿಯನ್ನು ನೋಡಿದ, ಅಂಗಿಗಳ ರಾಶಿಯನ್ನು ನೋಡಿದ.

"ಸೆಲ್ವಿ," ಎಂದ, ಆದಷ್ಟು ಪ್ರೀತಿಯಿಂದ, "ನಿನಗೆ ರಫು ಹೊಲಿಯೋಕೆ ಬರುತ್ತಾ?"